ಕೆಂಚ ಬೆಕ್ಕಿಗೆ ಕಪ್ಪು ಗಂಡುಮರಿ: ಇದರಲ್ಲಿ ಮೋಸ ಏನೂ ಇಲ್ಲ

"ಡಾಕ್ಟ್ರೇ, ಗಂಡು ಬೆಕ್ಕು ಕೆಂಚ. ನಾವೇ ತಂದು ಬಿಟ್ಟಿದ್ದು. ಆದರೂ ಒಂದು ಗಂಡುಮರಿಯೂ ಕೆಂಚಗಿಲ್ಲ. ಬೇರೆ ಯಾವುದೋ ಬೆಕ್ಕು ಬಂದು ಹೋಗಿರಬೇಕು ಅಲ್ವಾ?"

ಮರಿಗಳ ಕಾಲ ಬಂತೆಂದರೆ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಕೇಳುವವರ ಮನೆಯ ತಾಯಿ ಬೆಕ್ಕು ಕಪ್ಪು, ಇಲ್ಲವೇ ಬೂದು ಪಟ್ಟೆಯದು. ಅವರ ಆಸೆ ಕೆಂಚ ಗಂಡುಮರಿ. ನಾನು ಹೇಳುವುದು ಪ್ರತಿ ಸಲವೂ ಒಂದೇ. ತಂದೆಯ ಕೆಂಚು ಬಣ್ಣ ಗಂಡುಮರಿಗೆ ಬರುವುದಿಲ್ಲ. ಕಡಿಮೆ ಬರುತ್ತದೆ ಅಂತಲ್ಲ, ಬರುವುದೇ ಇಲ್ಲ.

ಬೆಕ್ಕಿಗೆ 19 ಜೊತೆ ಕ್ರೋಮೋಸೋಮ್, ಅಂದರೆ ಜೀನುಗಳನ್ನು ಹೊತ್ತ ಎಳೆಗಳು, ಇರುತ್ತವೆ. ಕೆಂಚು ಬಣ್ಣದ ಜೀನ್ ಕೂತಿರುವುದು ಎಕ್ಸ್ ಕ್ರೋಮೋಸೋಮಿನ ಮೇಲೆ. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್ ಮತ್ತು ಒಂದು ವೈ. ಈಗ ಸ್ವಲ್ಪ ನಿಧಾನವಾಗಿ ಯೋಚಿಸಿ. ತಂದೆ ತನ್ನ ವೈ ಕೊಟ್ಟರೆ ಮರಿ ಗಂಡಾಗುತ್ತದೆ, ಎಕ್ಸ್ ಕೊಟ್ಟರೆ ಹೆಣ್ಣಾಗುತ್ತದೆ. ಅಂದರೆ ಮರಿ ಗಂಡಾಗಿದೆ ಅಂದ ಮೇಲೆ ತಂದೆಯ ಎಕ್ಸ್ ಅದಕ್ಕೆ ಸಿಕ್ಕಿಲ್ಲ, ಆ ಎಕ್ಸ್ ಮೇಲಿದ್ದ ಕೆಂಚು ಬಣ್ಣವೂ ಸಿಕ್ಕಿಲ್ಲ. ಗಂಡುಮರಿ ಕೆಂಚೋ ಕಪ್ಪೋ ಅಂತ ತಿಳಿಯಬೇಕಾದರೆ ತಾಯಿಯನ್ನು ನೋಡಿ. ತಾಯಿ ಕಪ್ಪಾಗಿದ್ದರೆ ಗಂಡುಮರಿಗಳು ಕೆಂಚಾಗುವುದಿಲ್ಲ. ತಾಯಿ ಕೆಂಚಾಗಿದ್ದರೆ ಗಂಡುಮರಿಗಳೆಲ್ಲ ಕೆಂಚು, ತಂದೆ ಯಾವ ಬಣ್ಣದ್ದಾದರೂ ಇರಲಿ. ತಾಯಿಯಲ್ಲಿ ಕಪ್ಪು ಕೆಂಚು ಎರಡೂ ಬೆರೆತಿದ್ದರೆ ಒಂದೊಂದು ಗಂಡುಮರಿಗೂ ಅರ್ಧಕ್ಕರ್ಧ ಅವಕಾಶ.

ಹಾಗಾದರೆ ಕೆಂಚ ತಂದೆಯ ಬಣ್ಣ ಹೋಗುವುದೆಲ್ಲಿಗೆ? ಹೆಣ್ಣುಮರಿಗಳಿಗೆ. ಕಪ್ಪು ತಾಯಿಯಿಂದ ಒಂದು ಎಕ್ಸ್, ಕೆಂಚ ತಂದೆಯಿಂದ ಒಂದು ಎಕ್ಸ್. ಮರಿ ಇನ್ನೂ ಹೊಟ್ಟೆಯಲ್ಲಿ ಪುಟ್ಟ ಕೋಶಗಳ ಗುಂಪಾಗಿ ಇರುವಾಗ ಪ್ರತಿ ಕೋಶವೂ ಈ ಎರಡರಲ್ಲಿ ಒಂದನ್ನು ಮುಚ್ಚಿಬಿಡುತ್ತದೆ, ಆ ಕೋಶದಿಂದ ಮುಂದೆ ಹುಟ್ಟುವ ಕೋಶಗಳೆಲ್ಲ ಅದನ್ನೇ ಮುಚ್ಚಿಕೊಂಡಿರುತ್ತವೆ. ಎಲ್ಲಿ ಯಾವುದು ತೆರೆದಿದೆಯೋ ಅಲ್ಲಿ ಆ ಬಣ್ಣದ ಕೂದಲು. ಇಲಿಗಳ ಬಣ್ಣ ನೋಡಿ 1961ರಲ್ಲಿ ಬ್ರಿಟಿಷ್ ವಿಜ್ಞಾನಿ ಮೇರಿ ಲಯನ್ ಹೇಳಿದ ಮಾತಿದು. ಯಾವುದು ಮುಚ್ಚುತ್ತದೆ ಅಂತ ಮೊದಲೇ ಹೇಳಲು ಆಗುವುದಿಲ್ಲ. 2001ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಮೂರು ಬಣ್ಣದ ರೇನ್‌ಬೋ ಎಂಬ ಬೆಕ್ಕಿನಿಂದ ಸಿಸಿ ಎಂಬ ತದ್ರೂಪಿ ಹುಟ್ಟಿತು. ಅದರಲ್ಲಿ ಕೆಂಚು ಬಣ್ಣವೇ ಇರಲಿಲ್ಲ. ಜೀನುಗಳೆಲ್ಲ ಅವೇ, ಮೈಬಣ್ಣ ಬೇರೆ!

ಆ ಜೀನ್ ಯಾವುದು ಅಂತ ಗಟ್ಟಿಯಾಗಿ ತಿಳಿದದ್ದು ತೀರಾ ಈಚೆಗೆ. 2025ರಲ್ಲಿ ಜಪಾನ್ ಮತ್ತು ಅಮೆರಿಕದ ಎರಡು ತಂಡಗಳು ಬೇರೆ ಬೇರೆಯಾಗಿ ಒಂದೇ ಉತ್ತರ ಪ್ರಕಟಿಸಿದವು. ಎಕ್ಸ್ ಮೇಲೆ ಸುಮಾರು 5,000 ಅಕ್ಷರದಷ್ಟು ಡಿಎನ್‌ಎ ತುಂಡು ಬಿಟ್ಟುಹೋಗಿದ್ದರೆ ಬೆಕ್ಕು ಕೆಂಚು.

ಕಪ್ಪು, ಕೆಂಚು, ಬಿಳಿ ಮೂರೂ ಬಣ್ಣದ ಗಂಡುಮರಿ ಸಿಕ್ಕಿದೆ ಅಂತಲೂ ಬರುತ್ತಾರೆ. ಕಪ್ಪು ಕೆಂಚು ಎರಡೂ ಇರಬೇಕಾದರೆ ಎರಡು ಎಕ್ಸ್ ಬೇಕು. ಇಲ್ಲವೆನ್ನಲಾರೆ, ಎರಡು ಎಕ್ಸ್ ಜೊತೆಗೆ ಒಂದು ವೈ ಸೇರಿಕೊಂಡು ಅಪರೂಪಕ್ಕೆ ಹುಟ್ಟುತ್ತವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಮರಿ ಆಗುವುದಿಲ್ಲ. ಆದರೆ ನನ್ನ ಮೇಜಿನ ಮೇಲೆ ಬಂದ ಇಂಥವುಗಳ ಬಾಲ ಎತ್ತಿ ನೋಡಿದರೆ ಹೆಚ್ಚಿನವು ಹೆಣ್ಣೇ. ಸಣ್ಣ ಮರಿಗಳಲ್ಲಿ ಗುರುತಿಸುವುದು ಕಷ್ಟ. ಇದಕ್ಕಾಗಿ ಯಾರೂ ಜಾಸ್ತಿ ದುಡ್ಡು ಕೊಡಬೇಡಿ.

ಒಂದೆರಡು ಎಚ್ಚರಿಕೆ. ಈ ಲೆಕ್ಕದಲ್ಲಿ ಬೂದುಬಣ್ಣವೂ ಕಪ್ಪೇ, ತೆಳುವಾದ ಕಪ್ಪು. ಕೆನೆಬಣ್ಣ ತೆಳುವಾದ ಕೆಂಚು. ಪೂರ್ತಿ ಬಿಳಿ ಬೆಕ್ಕಾದರೆ ಕೆಳಗೆ ಯಾವ ಬಣ್ಣ ಅಡಗಿದೆ ಅಂತ ನೋಡಿ ಹೇಳಲಾಗದು. ಒಂದೇ ಸೂಲಿನ ಮರಿಗಳಿಗೆ ಇಬ್ಬರು ತಂದೆ ಇರುವುದೂ ಉಂಟು, ಆದ್ದರಿಂದ ಬಣ್ಣ ನೋಡಿ ತಂದೆ ಇಂಥದ್ದೇ ಅಂತ ನಾನು ಬರೆದುಕೊಡುವುದಿಲ್ಲ. ಕಪ್ಪು ತಾಯಿಗೆ ಅಪ್ಪಟ ಕಪ್ಪು ಹೆಣ್ಣುಮರಿ ಹುಟ್ಟಿದ್ದರೆ ಕೆಂಚನ ಮೇಲೆ ಅನುಮಾನ ಬರಬಹುದು. ಆಗಲೂ ಮೊದಲು ಬೆರಳ ಸಂದಿ, ಹೊಟ್ಟೆ ಎಲ್ಲ ಹುಡುಕಿ, ನಾಲ್ಕು ಕೆಂಚು ಕೂದಲು ಸಿಕ್ಕರೂ ಸಿಗಬಹುದು.

ಇಷ್ಟೆಲ್ಲ ಬರೆಯಲು ಕಾರಣ ಇಬ್ಬರು ಸ್ನೇಹಿತರು. ಒಬ್ಬರ ಮನೆಯಲ್ಲಿ ಕಪ್ಪು ಹೆಣ್ಣು, ಇನ್ನೊಬ್ಬರದು ಕೆಂಚ ಗಂಡು. ಕೆಂಚ ಗಂಡುಮರಿ ಕೊಡುವ ಮಾತಾಗಿತ್ತು. ಹುಟ್ಟಿದ್ದು ನಾಲ್ಕು, ಎರಡು ಕಪ್ಪು ಗಂಡು, ಎರಡು ಕಪ್ಪು-ಕೆಂಚು ಬೆರೆತ ಹೆಣ್ಣು. ಹೇಗೆ ಹುಟ್ಟಬೇಕೋ ಹಾಗೇ ಹುಟ್ಟಿದ್ದವು. ಇವರಿಬ್ಬರೂ ಸುಮ್ನೆ ಮಾತು ಬಿಟ್ಟರು. ನನಗೆ ಬೇಜಾರಾಗಿದ್ದು ಮರಿಗಳ ಬಗ್ಗೆ. ಕಣ್ಣು ಬಿಟ್ಟು ವಾರವಾಗಿರಲಿಲ್ಲ, ಆಗಲೇ ಯಾರಿಗೂ ಬೇಡವಾಗಿದ್ದವು. ಚೀಟಿಯ ಹಿಂದೆ ಎಕ್ಸ್, ವೈ ಬರೆದು ಇಬ್ಬರನ್ನೂ ಕೂರಿಸಿ ಹೇಳಿದೆ. ಒಪ್ಪಿದರೋ ಇಲ್ಲವೋ, ಮರಿಗಳನ್ನಂತೂ ಹೊರಗೆ ಬಿಡಲಿಲ್ಲ.

ಮರುವರ್ಷ ಆ ಹೆಣ್ಣುಮರಿಗಳಲ್ಲಿ ಒಂದು ಆಪರೇಷನ್ ಮಾಡಿಸುವ ಮೊದಲೇ ಮರಿ ಹಾಕಿತು. ಅದರಲ್ಲಿ ಒಂದು ಕೆಂಚ ಗಂಡು. ಅಜ್ಜನ ಎಕ್ಸ್ ಮಗಳ ಕೈದಾಟಿ ಮೊಮ್ಮಗನಿಗೆ ಬಂದಿತ್ತು. ಅದನ್ನು ಮೊದಲ ಲಸಿಕೆಗೆ ಎತ್ತಿಕೊಂಡು ಬಂದವರು ಕೆಂಚನ ಯಜಮಾನರೇ. ತಾಯಿ ಬೆಕ್ಕನ್ನು ಹಿಡಿದುಕೊಂಡು ಪಕ್ಕದಲ್ಲಿ ಅವರ ಸ್ನೇಹಿತರಿದ್ದರು. ಆ ತಾಯಿಯ ಆಪರೇಷನ್ ತಾರೀಕು ಅವತ್ತೇ ಗೊತ್ತುಮಾಡಿದೆ.