ಪ್ಯಾರಾಮೀಟರ್ ಬಳಸಿದರೂ % ಏಕೆ ಕಾಟ ಕೊಡುತ್ತದೆ?

ಪ್ರಶ್ನೆ: ಬಳಕೆದಾರರು 50% ಎಂದು ಹುಡುಕಿದರೆ 500, 1506 ಇರುವ ಸಾಲುಗಳೂ ಬರುತ್ತವೆ. ಡೇಟಾಬೇಸಿನ ಕ್ವೆರಿಯಲ್ಲಿ ಪ್ಯಾರಾಮೀಟರನ್ನೇ (ಮೌಲ್ಯವನ್ನು ವಾಕ್ಯದಿಂದ ಬೇರೆಯಾಗಿ ಕಳುಹಿಸುವ ವಿಧಾನ) ಬಳಸಿದ್ದೇನೆ. ತಪ್ಪು ಎಲ್ಲಿದೆ?

ಉತ್ತರ: ಈ ಪ್ರಶ್ನೆಗೆ ಎಷ್ಟನೆಯ ಸಲ ಉತ್ತರಿಸುತ್ತಿದ್ದೇನೆ ಎಂಬ ಲೆಕ್ಕವನ್ನು ಬಿಟ್ಟು ಬಹಳ ದಿನಗಳಾದವು. ತಪ್ಪಿರುವುದು ನಿಮ್ಮ ಕೋಡಿಗಿಂತ ಹೆಚ್ಚಾಗಿ, ಪ್ಯಾರಾಮೀಟರ್ ಬಳಸಿದರೆ ವಿಶೇಷ ಚಿಹ್ನೆಗಳೆಲ್ಲ ತಾವಾಗಿಯೇ ಎಸ್ಕೇಪ್ ಆಗುತ್ತವೆ, ಅಂದರೆ ವಿಶೇಷಾರ್ಥ ಕಳೆದುಕೊಂಡು ಸಾದಾ ಅಕ್ಷರಗಳಾಗುತ್ತವೆ, ಎಂಬ ನಂಬಿಕೆಯಲ್ಲಿ.

ಮೌಲ್ಯದೊಳಗಿನ ಉದ್ಧರಣ ಚಿಹ್ನೆಯಂಥದ್ದು ಎಸ್‌ಕ್ಯೂಎಲ್ ವಾಕ್ಯವನ್ನು ಮುರಿಯದಂತೆ ನೋಡಿಕೊಳ್ಳುವುದು ಪ್ಯಾರಾಮೀಟರಿನ ಕೆಲಸ. ಇಂಜೆಕ್ಷನ್ (ಮೌಲ್ಯದ ನೆಪದಲ್ಲಿ ಕ್ವೆರಿಯೊಳಗೆ ಬೇರೆ ಆಜ್ಞೆ ತೂರಿಸುವುದು) ತಡೆಯಲು ಅದು ಬೇಕೇ ಬೇಕು. ಆದರೆ ಮಾದರಿಗೆ ಹೊಂದುವ ಪಠ್ಯವನ್ನು ಹುಡುಕುವ ಲೈಕ್ (LIKE) ತನ್ನ ಬಲಗಡೆಯ ಮೌಲ್ಯವನ್ನು ಓದುವುದು ವಾಕ್ಯ ಪಾರ್ಸ್ ಆದ ಮೇಲೆ, ಅಂದರೆ ಅದರ ರಚನೆಯನ್ನು ಡೇಟಾಬೇಸ್ ಬಿಡಿಸಿ ಓದಿದ ಮೇಲೆ; ಆ ಮಾದರಿಯಲ್ಲಿ % ಎಂದರೆ 'ಇಲ್ಲಿ ಏನು ಬೇಕಾದರೂ, ಎಷ್ಟು ಬೇಕಾದರೂ ಇರಬಹುದು'. ಅದು ಪ್ಯಾರಾಮೀಟರಿನಿಂದ ಬಂದಿತೋ, ಕ್ವೆರಿಯಲ್ಲೇ ಬರೆದದ್ದೋ ಎಂಬುದು ಲೈಕ್‌ಗೆ ಬೇಕಾಗಿಯೂ ಇಲ್ಲ. ನೀವು ಎರಡು ತುದಿಗೂ % ಅಂಟಿಸಿ '%50%%' ಎಂದು ಕಳುಹಿಸಿದ್ದೀರಿ. ಆ ಮೂರರಲ್ಲಿ ನಿಮ್ಮದು ಯಾವುದು, ಬಳಕೆದಾರರದು ಯಾವುದು ಎಂದು ಡೇಟಾಬೇಸ್ ಹೇಗೆ ತಿಳಿಯಬೇಕು? ಪ್ಯಾರಾಮೀಟರ್ ನಿಜವಾಗಿಯೂ % ಅನ್ನು ಎಸ್ಕೇಪ್ ಮಾಡುವಂತಿದ್ದರೆ ನೀವು ಅಂಟಿಸಿದ ಎರಡೂ ನಿಷ್ಕ್ರಿಯವಾಗಿ, ನಿಮಗೆ 500 ಕೂಡ ಸಿಗುತ್ತಿರಲಿಲ್ಲ. ನಿಮ್ಮ ದೂರೇ ಈ ನಂಬಿಕೆಯನ್ನು ಸುಳ್ಳಾಗಿಸುತ್ತದೆ.

ಮಾಡಬೇಕಾದದ್ದು ಇಷ್ಟೆ. ! ಅನ್ನು ಎಸ್ಕೇಪ್ ಅಕ್ಷರವಾಗಿ ಆರಿಸಿದಿರಿ ಎನ್ನೋಣ. ಬಳಕೆದಾರರ ಪಠ್ಯದಲ್ಲಿ ಮೊದಲು !ಗಳನ್ನು ಇಮ್ಮಡಿಸಿ, ಆಮೇಲೆ ಪ್ರತಿ % ಮತ್ತು _ (ಇದೂ ಲೈಕ್‌ನ ವಿಶೇಷ ಚಿಹ್ನೆ) ಮುಂಚೆ ಒಂದು ! ಸೇರಿಸಿ, ಕೊನೆಯಲ್ಲಿ ತುದಿಗಳ % ಅಂಟಿಸಿ. ಕ್ರಮ ತಪ್ಪಿದರೆ, ನೀವು ಆಗಷ್ಟೇ ಸೇರಿಸಿದ !ಗಳೇ ಇಮ್ಮಡಿಯಾಗಿ ಎಲ್ಲವೂ ಕೆಡುತ್ತದೆ. ಸಿಗುವ '%50!%%' ಜೊತೆಗೆ ಕ್ವೆರಿಯಲ್ಲಿ ESCAPE '!' ಎಂದು ಬರೆಯಲೇಬೇಕು, ಏಕೆಂದರೆ ಮೈಎಸ್‌ಕ್ಯೂಎಲ್ ಮತ್ತು ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ಗಳಲ್ಲಿ \ ತಾನಾಗಿಯೇ ಎಸ್ಕೇಪ್ ಅಕ್ಷರವಾಗಿದ್ದರೆ, ಒರಾಕಲ್, ಎಸ್‌ಕ್ಯೂಎಲ್ ಸರ್ವರ್ ಮತ್ತು ಎಸ್‌ಕ್ಯೂಲೈಟ್‌ಗಳಲ್ಲಿ ಹಾಗೆ ಯಾವುದೂ ಇಲ್ಲ. ಎಸ್‌ಕ್ಯೂಎಲ್ ಸರ್ವರಿನಲ್ಲಿ [ ಚಿಹ್ನೆಗೂ ವಿಶೇಷಾರ್ಥವಿರುವುದರಿಂದ ಅದನ್ನೂ ಎಸ್ಕೇಪ್ ಮಾಡಿ.

ನೀವು ಕೇಳದಿದ್ದರೂ _ ಬಗ್ಗೆ ಒಂದು ಮಾತು. ಅದು ಒಂದು ಅಕ್ಷರಕ್ಕೆ ಸಮ ಎಂದು ಪುಸ್ತಕಗಳು ಹೇಳುತ್ತವೆ, ಆದರೆ ಎಣಿಕೆ ನಡೆಯುವುದು ಯೂನಿಕೋಡ್ ಸಂಕೇತಗಳ ಮೇಲೆ. ಕಣ್ಣಿಗೆ ಎರಡೇ ಅಕ್ಷರದ 'ಪಕ್ಷಿ' ಅಲ್ಲಿ ಪ, ಕ, ಹಲಂತ ಚಿಹ್ನೆ, ಷ, ಗುಡಿಸು ಸೇರಿ 5 ಆಗುತ್ತದೆ. ಹಾಗಾಗಿ '__' ಎಂದು ಹುಡುಕಿದರೆ ಪಕ್ಷಿ ಸಿಗುವುದಿಲ್ಲ, ಒಂದೇ ಅಕ್ಷರದ 'ಬಾ' ಸಿಗುತ್ತದೆ.