ಮಿರ್ಚಿ ಬಾಣಲೆಯ ನೊರೆ

ದಾವಣಗೆರೆಯಲ್ಲಿ ಸಂಜೆ ಮಂಡಕ್ಕಿ-ಮಿರ್ಚಿ ಅಂಗಡಿ ಮುಂದೆ ನಿಂತಾಗ ಮೊದಲು ಬಾಣಲೆ ನೋಡಿ. ಹೊಸ ಎಣ್ಣೆಗೆ ಮಿರ್ಚಿ ಬಿಟ್ಟರೆ ದೊಡ್ಡ ಗುಳ್ಳೆಗಳೆದ್ದು ಪಟಪಟ ಒಡೆಯುತ್ತವೆ. ನೀರು ಆರುತ್ತಿದ್ದಂತೆ ಸದ್ದೂ ಅಡಗುತ್ತದೆ. ದಣಿದ ಎಣ್ಣೆಯಲ್ಲಿ ಸಣ್ಣ ಗುಳ್ಳೆಗಳು ಸೋಪಿನ ನೊರೆಯಂತೆ ಅಂಚು ಹಿಡಿದು, ಮಿರ್ಚಿ ತೆಗೆದ ಮೇಲೂ ಇಳಿಯುವುದಿಲ್ಲ.

ಸೋಪು ಎಂದದ್ದು ಬರೀ ಹೋಲಿಕೆಗಲ್ಲ. ಎಣ್ಣೆಯ ಅಣುವಿನಲ್ಲಿ ಒಂದು ಗ್ಲಿಸರಾಲಿಗೆ ಮೂರು ಕೊಬ್ಬಿನಾಮ್ಲ ಅಂಟಿಕೊಂಡಿರುತ್ತವೆ. ಹಿಟ್ಟು, ಮೆಣಸಿನಕಾಯಿಯಿಂದ ಬರುವ ಹಬೆ ಆ ಕೊಂಡಿ ಕಳಚುತ್ತದೆ. ಬಿಡಿ ಆಮ್ಲ ಹೆಚ್ಚಿದಷ್ಟೂ ಎಣ್ಣೆ ಕಡಿಮೆ ಕಾವಿಗೇ ಹೊಗೆಯಾಡುತ್ತದೆ. ಹಿಟ್ಟಿನ ಸೋಡಾ ಸಿಕ್ಕರಂತೂ ಅದೇ ಆಮ್ಲ ನಿಜವಾದ ಸೋಪಾಗುತ್ತದೆ. ಆ ಸೋಪಿನಿಂದ ಮಿರ್ಚಿ ಹೆಚ್ಚು ಎಣ್ಣೆ ಕುಡಿಯುತ್ತದೆ. ಒಂದು ಕೆಜಿ ಕಡ್ಲೆಹಿಟ್ಟಿಗೆ ಒಂದು ಟೀ ಚಮಚ ಸೋಡಾ ಸಾಕು. ಉಬ್ಬಲಿ ಅಂತ ಇನ್ನೊಂದು ಚಮಚ ಸುರಿದರೆ ಹಿಟ್ಟು ಕ್ಷಾರವಾಗಿ, ಸಕ್ಕರೆ-ಪ್ರೋಟೀನು ಕೂಡಿ ಬಣ್ಣ ಕಟ್ಟುವ ಮೈಲಾರ್ಡ್ ಕ್ರಿಯೆ ಓಡತೊಡಗುತ್ತದೆ. ಒಳಗೆ ಹಸಿ, ಹೊರಗೆ ಕೆಂಪು.

ಕಾವು 175ರಿಂದ 180 ಡಿಗ್ರಿ ಸೆಲ್ಸಿಯಸ್ ಇರಲಿ. 150ಕ್ಕಿಳಿದರೆ ಪೊರೆ ಬೇಗ ಕಟ್ಟದೆ ಜಿಡ್ಡು ಒಳಗಿಳಿಯುತ್ತದೆ. ಗಾಣದ ಶೇಂಗಾ ಎಣ್ಣೆ ಸುಮಾರು 160ಕ್ಕೇ ಹೊಗೆ ಬಿಡುವುದರಿಂದ ಅದನ್ನು ಚಟ್ನಿಪುಡಿಗೆ, ಒಗ್ಗರಣೆಗೆ ಇಟ್ಟುಕೊಳ್ಳಿ. ಕರಿಯಲು ರಿಫೈನ್ಡ್ ಶೇಂಗಾ ಎಣ್ಣೆಯೇ ಸರಿ. ಸಾಮಾನ್ಯ ಸೂರ್ಯಕಾಂತಿಗಿಂತ ಇದು ಹೆಚ್ಚು ಬಾಳುತ್ತದೆ. ಗಾಳಿಗೆ ಬೇಗ ಕೆಡುವ ಲಿನೋಲಿಯಿಕ್ ಆಮ್ಲ ಸೂರ್ಯಕಾಂತಿಯಲ್ಲಿ ಶೇಕಡ 60ರ ಹತ್ತಿರ, ಶೇಂಗಾದಲ್ಲಿ ಸುಮಾರು ಅದರರ್ಧ.

ಹೆಚ್ಚಿನವರು ಗಮನಿಸದ ತಪ್ಪು ಇನ್ನೊಂದಿದೆ. ಗಿರಾಕಿ ಇಲ್ಲದಾಗಲೂ ಬಾಣಲೆ ಜೋರು ಉರಿಯಲ್ಲೇ ಕಾಯುತ್ತಿರುತ್ತದೆ. ಕರಿಯುವಾಗ ಏಳುವ ಹಬೆ ಗಾಳಿಯನ್ನು ಸ್ವಲ್ಪ ದೂರವಿಡುತ್ತದೆ. ಖಾಲಿ ಬಾಣಲೆಗೆ ಆ ಹೊದಿಕೆಯೂ ಇಲ್ಲ, ಆಮ್ಲಜನಕ ನೇರ ಎಣ್ಣೆಗೇ ಕೈ ಹಾಕುತ್ತದೆ. ಮುಂದಿನ ಒಬ್ಬೆಯ ತನಕ ಉರಿ ತಗ್ಗಿಸಿ. ತಳಕ್ಕಿಳಿದ ಹಿಟ್ಟಿನ ಚೂರುಗಳನ್ನು ಝಾರಿಯಿಂದ ಆಗಾಗ ತೆಗೆಯಿರಿ. ಉಳಿದ ಎಣ್ಣೆಯನ್ನು ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿಡಬೇಡಿ. ತಾಮ್ರದ ಅಂಶ ಕಮಟಾಗುವುದನ್ನು ಚುರುಕುಗೊಳಿಸುತ್ತದೆ.

ಬಟ್ಟೆಯಲ್ಲಿ ಸೋಸಿದರೆ ಚೂರು ಹೋಗುತ್ತದೆ, ಕರಗಿದ ಕೆಡುಕು ಹೋಗುವುದಿಲ್ಲ. ಎಣ್ಣೆ ಕಾದು ಕೆಟ್ಟಂತೆ ಅದರಲ್ಲಿ ಹೆಚ್ಚುವ ಈ ವಸ್ತುಗಳು, ಅಂದರೆ ಒಟ್ಟು ಪೋಲಾರ್ ಸಂಯುಕ್ತಗಳು, ಶೇಕಡ 25 ದಾಟಿದ ಎಣ್ಣೆ ಬಳಸುವಂತಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ ಈ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಹೊಸ ಎಣ್ಣೆಯನ್ನು ಕೆಟ್ಟದ್ದಕ್ಕೆ ಬೆರೆಸಿದರೆ ಹೊಸದೂ ಹಾಳು.

ಆ ಕೆಟ್ಟ ಎಣ್ಣೆಯನ್ನು ಖಾರ ಮಂಡಕ್ಕಿಗೆ ಹಾಕುವುದು ಇನ್ನೂ ಕೆಟ್ಟ ಉಳಿತಾಯ. ಮಂಡಕ್ಕಿ ತುಂಬ ರಂಧ್ರ. ಎಣ್ಣೆ ತೆಳುವಾಗಿ ಹರಡಿ ಎಲ್ಲ ಕಡೆ ಗಾಳಿಗೆ ಸಿಗುತ್ತದೆ. ಪಾರದರ್ಶಕ ಪೊಟ್ಟಣದಲ್ಲಿ ಬಿಸಿಲಿಗೆ ನೇತುಹಾಕಿದರೆ ಕೆಲವೇ ದಿನದಲ್ಲಿ ಕಮಟು ವಾಸನೆ.