ಬರಿಗಾಲ ಕಾರಣಕ್ಕೇ ವಿಶ್ವಕಪ್ ತಪ್ಪಿತೇ?

ಪ್ರಶ್ನೆ: "ಸರ್, ನಮ್ಮವ್ರು ಬರಿಗಾಲಾಗೇ ಆಡ್ತೀವಿ ಅಂತ ಹಠ ಹಿಡಿದ್ರಂತ, ಅದಕ್ಕ ಫಿಫಾದವ್ರು 1950ರ ವರ್ಲ್ಡ್‌ಕಪ್ಪಿಗೆ ಬಿಡಲಿಲ್ಲಂತ. ಖರೇ ಏನ್ರಿ?"

ಉತ್ತರ: ಖರೇ ಅಲ್ಲ. ನಾಲ್ಕು ವರ್ಷಕ್ಕೊಮ್ಮೆ ವಿಶ್ವಕಪ್ ಬಂದಾಗಲೆಲ್ಲ ಈ ಪ್ರಶ್ನೆಯೂ ಬರುತ್ತದೆ, ಪ್ರತಿಸಲವೂ ಇದೇ ಉತ್ತರ ಕೊಟ್ಟಾಗಿದೆ. ಆದರೂ ಬೀದರ್‌ನ ನೆಹರೂ ಕ್ರೀಡಾಂಗಣದಲ್ಲಿ ಚೆಂಡು ಒದೆಯುವ ಹುಡುಗನಿಂದ ಹಿಡಿದು ಪಿಇಟಿ ಮಾಸ್ತರರವರೆಗೆ ಎಲ್ಲರ ಬಾಯಲ್ಲೂ ಅದೇ ಕಥೆ. ಈ ಸಲ ಬುಡದಿಂದಲೇ ನೋಡೋಣ.

ಬ್ರೆಜಿಲ್‌ನಲ್ಲಿ ನಡೆದ 1950ರ ವಿಶ್ವಕಪ್ಪಿಗೆ 16 ತಂಡಗಳ ಜಾಗವಿತ್ತು. ನಮ್ಮ ಅರ್ಹತಾ ಗುಂಪಿನಲ್ಲಿದ್ದ ಬರ್ಮಾ, ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಮೂರೂ ಹಿಂದೆ ಸರಿದವು. ಹೀಗಾಗಿ ಒಂದೂ ಪಂದ್ಯ ಆಡದೆ ಭಾರತಕ್ಕೆ ಜಾಗ ಸಿಕ್ಕಿತು. ಇಟಲಿ, ಸ್ವೀಡನ್, ಪರಾಗ್ವೆ ಇದ್ದ ಮೂರನೇ ಗುಂಪಿನಲ್ಲಿ ನಮ್ಮ ಹೆಸರೂ ಬಿತ್ತು. ಪ್ರಯಾಣದ ಖರ್ಚಿನ ದೊಡ್ಡ ಪಾಲನ್ನು ತಾವೇ ಕೊಡುತ್ತೇವೆ ಎಂದು ಬ್ರೆಜಿಲ್‌ನ ಸಂಘಟಕರು ಮುಂದೆ ಬಂದರು. ಅಂದರೆ ಬಾಗಿಲು ತೆರೆದೇ ಇತ್ತು. ಹೋಗುವುದಿಲ್ಲ ಎಂದದ್ದು ನಮ್ಮದೇ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್. ಅದು ಕೊಟ್ಟ ಕಾರಣಗಳು ಎರಡು: ತಂಡದ ಆಯ್ಕೆಯಲ್ಲಿ ಭಿನ್ನಾಭಿಪ್ರಾಯ, ಅಭ್ಯಾಸಕ್ಕೆ ಸಮಯ ಸಾಲದು. ಎರಡರಲ್ಲೂ ಕಾಲಿನ ಮಾತಿಲ್ಲ, ಬೂಟಿನ ಮಾತೂ ಇಲ್ಲ.

ಇಷ್ಟು ಹೇಳಿದರೂ "ಒಳಗಿನ ಕಾರಣ ಬೇರೆ ಇತ್ತು ಬಿಡ್ರಿ" ಎನ್ನುವವರಿದ್ದಾರೆ. ಅಂಥವರು 1952ರ ಹೆಲ್ಸಿಂಕಿ ಒಲಿಂಪಿಕ್ಸ್ ನೋಡಬೇಕು. ಒಲಿಂಪಿಕ್ಸ್ ಫುಟ್‌ಬಾಲ್ ನಡೆಯುವುದೂ ಫಿಫಾದ ಉಸ್ತುವಾರಿಯಲ್ಲೇ. ಅಲ್ಲಿ ಯುಗೊಸ್ಲಾವಿಯಾ ವಿರುದ್ಧ ನಮ್ಮ ಹಲವರು ಬರಿಗಾಲಲ್ಲೇ ಆಡಿದರು, ಯಾರೂ ತಡೆಯಲಿಲ್ಲ. ಬರಿಗಾಲೆಂದು 1950ರಲ್ಲಿ ಹೊರಗಿಟ್ಟ ಸಂಸ್ಥೆ ಎರಡೇ ವರ್ಷದಲ್ಲಿ ಅದೇ ಬರಿಗಾಲನ್ನು ಮೈದಾನಕ್ಕೆ ಹೇಗೆ ಬಿಟ್ಟಿತು? ಈ ಒಂದು ಪ್ರಶ್ನೆಗೆ ಆ ಕಥೆ ಹೇಳುವವರ ಹತ್ತಿರ ಉತ್ತರವಿಲ್ಲ.

ಹಾಗಾದರೆ ಕಥೆ ಹುಟ್ಟಿದ್ದೆಲ್ಲಿ? ಅದರ ಹಿಂದೊಂದು, ಮುಂದೊಂದು ನಿಜ ಇದೆ. ಹಿಂದಿನದು 1948ರ ಲಂಡನ್ ಒಲಿಂಪಿಕ್ಸ್. ಅಲ್ಲಿ ನಮ್ಮ ಹೆಚ್ಚಿನ ಆಟಗಾರರು ಬರಿಗಾಲಲ್ಲಿ ಆಡಿ, ಫ್ರಾನ್ಸ್ ವಿರುದ್ಧ 2-1ರಿಂದ ಸೋತರು. ಎರಡು ಪೆನಾಲ್ಟಿ ಕಳೆದುಕೊಳ್ಳದಿದ್ದರೆ ಆ ಪಂದ್ಯ ನಮ್ಮದೇ ಆಗಬಹುದಿತ್ತು. ಇಂಗ್ಲೆಂಡಿನ ಪ್ರೇಕ್ಷಕರು ಆ ಬರಿಗಾಲುಗಳನ್ನು ಬೆರಗಿನಿಂದ ನೋಡಿದರು. ಮುಂದಿನದು ಹೆಲ್ಸಿಂಕಿಯಲ್ಲಿ 10-1ರ ಸೋಲು. ಆ ಸೋಲಿನ ನಂತರವೇ ನಮ್ಮ ಫೆಡರೇಷನ್ ಬೂಟು ಕಡ್ಡಾಯ ಮಾಡಿತು. ಜನ ಈ ಎರಡನ್ನೂ ಸೇರಿಸಿ ನಡುವೆ ಇದ್ದ 1950ರ ಮೇಲೆ ಹೇರಿದರು.

ಬಾರದೆ ಉಳಿದದ್ದು ನಾವೊಬ್ಬರೇ ಅಲ್ಲ ಎಂಬುದನ್ನೂ ಈ ಕಥೆ ಮುಚ್ಚಿಡುತ್ತದೆ. ಸ್ಕಾಟ್ಲೆಂಡ್, ಟರ್ಕಿ ಅರ್ಹತೆ ಪಡೆದೂ ಹೋಗಲಿಲ್ಲ. ಫ್ರಾನ್ಸ್ ಮೊದಲು ಒಪ್ಪಿ, ಪಂದ್ಯದಿಂದ ಪಂದ್ಯಕ್ಕೆ ಸಾವಿರಾರು ಕಿಲೋಮೀಟರ್ ಓಡಾಡಬೇಕೆಂದು ತಿಳಿದ ಮೇಲೆ ಕೈಬಿಟ್ಟಿತು. ಕೊನೆಗೆ ಆಡಿದ್ದು 13 ತಂಡ. ಉರುಗ್ವೆ ಗುಂಪಿನಲ್ಲಿ ಇದ್ದದ್ದು ಎರಡೇ ತಂಡ; ಬೊಲಿವಿಯಾ ಮೇಲೆ 8-0 ಗೆದ್ದು ಮುಂದೆ ಹೋದ ಉರುಗ್ವೆ ಕಪ್ಪನ್ನೇ ಎತ್ತಿತು. ಹೋಗದ ಆ ಯುರೋಪಿನ ತಂಡಗಳ ಕಾಲಲ್ಲಿ ಬೂಟುಗಳಿದ್ದವು.

ಆ ಕಾಲಕ್ಕೆ ವಿಶ್ವಕಪ್ ಇಷ್ಟು ದೊಡ್ಡದಾಗಿರಲಿಲ್ಲ ಎಂಬುದೇ ಮೂಲ ಸಂಗತಿ. ತಮಗೆ ಒಲಿಂಪಿಕ್ಸೇ ಸರ್ವಸ್ವವಾಗಿತ್ತು, ವಿಶ್ವಕಪ್ ಬಗ್ಗೆ ಹೆಚ್ಚು ತಿಳಿದೇ ಇರಲಿಲ್ಲ ಎಂದು ಅಂದಿನ ಪ್ರಮುಖ ಆಟಗಾರ ಶೈಲೇನ್ ಮನ್ನಾ ಮುಂದೆ ಹೇಳಿದ್ದಾರೆ. ವಿಶ್ವಕಪ್ಪನ್ನು ದೊಡ್ಡದು ಮಾಡಿದ್ದು ಟಿ.ವಿ. ಮತ್ತು ಅದರ ಹಿಂದೆ ಬಂದ ದುಡ್ಡು. ಪಂದ್ಯಗಳು ಟಿ.ವಿ.ಯಲ್ಲಿ ಮೊದಲು ಬಂದದ್ದು 1954ರಲ್ಲಿ. ಅದೇ ವರ್ಷ ಬರ್ನ್‌ನ ಮಳೆಯಲ್ಲಿ ನಡೆದ ಫೈನಲ್‌ನಲ್ಲಿ ಪಶ್ಚಿಮ ಜರ್ಮನಿ, ಅಡಿಯಲ್ಲಿ ತಿರುಪು ಹಾಕಿ ಬದಲಿಸಬಹುದಾದ ಸ್ಟಡ್‌ಗಳ (ನೆಲ ಹಿಡಿಯುವ ಮೊಳೆಗಳ) ಬೂಟಿನಲ್ಲಿ ಆಡಿ ಹಂಗೇರಿಯನ್ನು 3-2ರಿಂದ ಸೋಲಿಸಿತು. ಬೂಟು ಮಾರುವವರಿಗೆ ಅದಕ್ಕಿಂತ ದೊಡ್ಡ ಜಾಹೀರಾತು ಬೇಕಿರಲಿಲ್ಲ. 1970ರಲ್ಲಿ ಅಡಿಡಾಸ್‌ನ ಟೆಲ್‌ಸ್ಟಾರ್ ಚೆಂಡು ಬಂತು: 20 ಆರುಮೂಲೆಯ ಬಿಳಿ ತುಂಡು, 12 ಐದುಮೂಲೆಯ ಕರಿ ತುಂಡು. ಕಪ್ಪುಬಿಳುಪು ಟಿ.ವಿ.ಯಲ್ಲಿ ಎದ್ದು ಕಾಣಲೆಂದೇ ಆ ಬಣ್ಣ. 2022ರಲ್ಲಿ ಗೆದ್ದ ಅರ್ಜೆಂಟೀನಾಗೆ ಸಿಕ್ಕ ಬಹುಮಾನ 4 ಕೋಟಿ 20 ಲಕ್ಷ ಡಾಲರ್. ಈ ಅಂಕಿ ತಲೆಯಲ್ಲಿಟ್ಟುಕೊಂಡು 1950ನ್ನು ನೋಡಿದರೆ, ಇಂಥದ್ದನ್ನು ಯಾರಾದರೂ ತಾವಾಗಿ ಬಿಡುತ್ತಾರೆಯೇ ಅನಿಸುವುದು ಸಹಜ. ಅಲ್ಲಿಗೆ ಯಾರೋ ತಡೆದಿರಲೇಬೇಕು ಎಂಬ ಕಥೆ ಬೇಕಾಗುತ್ತದೆ.

ಈ ಕಥೆಯ ಮೇಲೆ ಸಿಟ್ಟು ಬರುವುದಕ್ಕೆ ಕಾರಣವಿದೆ. ಕಚೇರಿಯಲ್ಲಿ ಕೂತವರು ಮಾಡಿದ ತೀರ್ಮಾನದ ತಪ್ಪನ್ನು ಅದು ಆಟಗಾರರ ಕಾಲಿಗೆ ಕಟ್ಟುತ್ತದೆ. ಆ ಕಾಲುಗಳು ಏನು ಮಾಡಬಲ್ಲವು ಎಂಬುದಕ್ಕೆ ನಮ್ಮ ಭಾಗದವರು ದೂರ ಹುಡುಕಬೇಕಿಲ್ಲ. ಕಲಬುರಗಿ, ಬೀದರ್, ಯಾದಗಿರಿ ಸೀಮೆ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಆ ಹೈದರಾಬಾದಿನ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ಮುಂಬೈಯ ಹೆಸರಾಂತ ಫುಟ್‌ಬಾಲ್ ಟೂರ್ನಿ ರೋವರ್ಸ್ ಕಪ್ ಗೆದ್ದಿತು. ಅದರ ತರಬೇತುದಾರ ಸೈಯದ್ ಅಬ್ದುಲ್ ರಹೀಂ, ವೃತ್ತಿಯಿಂದ ಶಾಲಾ ಮಾಸ್ತರರು. ಅವರ ಕೈಯಲ್ಲೇ ಭಾರತ 1951ರ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದಿತು. ನಾವು ಮೈಸೂರು ರಾಜ್ಯಕ್ಕೆ ಸೇರಿ ಸರಿಯಾಗಿ ಒಂದು ತಿಂಗಳಿಗೆ, 1956ರ ಡಿಸೆಂಬರ್ 1ರಂದು, ಮೆಲ್ಬರ್ನ್‌ನಲ್ಲಿ ರಹೀಂ ತಂಡ ಆಸ್ಟ್ರೇಲಿಯಾವನ್ನು 4-2ರಿಂದ ಮಣಿಸಿತು. ಒಲಿಂಪಿಕ್ಸ್ ಸೆಮಿಫೈನಲ್ ತಲುಪಿದ ಏಷ್ಯಾದ ಮೊದಲ ದೇಶ ನಮ್ಮದಾಯಿತು. 1962ರಲ್ಲಿ ಜಕಾರ್ತಾದ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧ 2-1ರ ಗೆಲುವು, ಮತ್ತೊಂದು ಚಿನ್ನ. ಶಾಲೆಗಳಲ್ಲಿ ಮಕ್ಕಳಿಗೆ ಹೇಳಬೇಕಾದದ್ದು ಈ ಕಥೆ.

ಬರಿಗಾಲ ಮಾತು ಬಂದದ್ದರಿಂದ, ಯಾರೂ ಕೇಳದಿದ್ದರೂ ಒಂದು ವಿಷಯ ಹೇಳಲೇಬೇಕು: ನಮ್ಮ ನೆಲದಲ್ಲಿ ಕಾಲಿಗೆ ಏನು ಹಾಕಬೇಕು? ಇಂದಿನ ಫುಟ್‌ಬಾಲ್ ನಿಯಮಾವಳಿಯ ನಾಲ್ಕನೇ ನಿಯಮದ ಪ್ರಕಾರ ಪಂದ್ಯದಲ್ಲಿ ಪಾದರಕ್ಷೆ ಕಡ್ಡಾಯ, ಕಾಲ್ಚೀಲದೊಳಗೆ ಮುಂಗಾಲ ಎಲುಬು ಕಾಯುವ ಶಿನ್‌ಗಾರ್ಡ್ ಕೂಡ. ಅಂಗಡಿಯಲ್ಲಿ ಹುಡುಗರು ಕೇಳುವುದು ಟಿ.ವಿ.ಯಲ್ಲಿ ಕಂಡ ಉದ್ದ ಸ್ಟಡ್‌ನ ಬೂಟು. ಅದು ನೀರುಂಡ ಹುಲ್ಲಿಗೆ ಮಾಡಿದ್ದು. ಕಲಬುರಗಿಯ ಎರೆಮಣ್ಣು ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿ, ಮೇಲೆ ಬಿರುಕು ಬೇರೆ. ಅಲ್ಲಿ ಸ್ಟಡ್ ಇಳಿಯುವುದಿಲ್ಲ. ಮೈಭಾರವೆಲ್ಲ ಹತ್ತು ಹನ್ನೆರಡು ತುದಿಗಳ ಮೇಲೆ ನಿಂತು ಅಂಗಾಲು ಉರಿಯುತ್ತದೆ, ಬಿರುಕಿಗೆ ಒಂದು ಸ್ಟಡ್ ಸಿಕ್ಕರೆ ಹರಡು ಹೊರಳುತ್ತದೆ. ಬೆಳೆಯುವ ಮಕ್ಕಳಲ್ಲಿ ಹಿಮ್ಮಡಿಯ ಎಲುಬು ಇನ್ನೂ ಎಳೆಯದಾಗಿರುವುದರಿಂದ ನೋವು ಅಲ್ಲೇ ಮೊದಲು ಕಾಣಿಸುತ್ತದೆ. ಬೇಸಿಗೆಗೂ ಬೀದರ್‌ನ ಜಂಬಿಟ್ಟಿಗೆ ನೆಲಕ್ಕೂ ಟರ್ಫ್ ಶೂ ತಗೊಳ್ಳಿ. ಅದರ ಅಡಿಯಲ್ಲಿ ಚಿಕ್ಕ ರಬ್ಬರ್ ಮೊಳೆಗಳು ಒತ್ತೊತ್ತಾಗಿರುವುದರಿಂದ ಭಾರ ಹಂಚಿಹೋಗುತ್ತದೆ. ಮಳೆಗಾಲಕ್ಕೆ ದುಂಡು ಸ್ಟಡ್‌ನ ಬೂಟು ಸಾಕು. ಬ್ಲೇಡಿನಂಥ ಚಪ್ಪಟೆ ಸ್ಟಡ್‌ಗಳ ಸಂದಿಯಲ್ಲಿ ಎರೆಮಣ್ಣು ಮೆತ್ತಿದರೆ ಬೇಗ ಬಿಡುವುದಿಲ್ಲ, ಕಾಲು ಭಾರವಾಗಿ ಜಾರುತ್ತದೆ. ಸಂಜೆ ಹೊತ್ತು, ಕಾಲು ತುಸು ಉಬ್ಬಿರುವಾಗ, ಆಡುವ ಕಾಲ್ಚೀಲವನ್ನೇ ಹಾಕಿಕೊಂಡು ಅಳತೆ ನೋಡಿ. ಮುಂದೆ ಅರ್ಧ ಹೆಬ್ಬೆರಳಿನಷ್ಟು ಜಾಗ ಇದ್ದರೆ ಸಾಕು. ಮುಂದಿನ ವರ್ಷಕ್ಕೂ ಬರಲಿ ಎಂದು ದೊಡ್ಡದು ಕೊಡಿಸಿದರೆ ಕಾಲು ಒಳಗೇ ಜಾರಿ ಬೊಬ್ಬೆ ಏಳುತ್ತದೆ.

ಚೆಂಡಿಗೂ ಇಷ್ಟೇ ಗಮನ ಬೇಕು. 5ನೇ ಸೈಜಿನ ಸುತ್ತಳತೆ 68ರಿಂದ 70 ಸೆಂ.ಮೀ., ತೂಕ 410ರಿಂದ 450 ಗ್ರಾಂ, ಗಾಳಿ 8.5ರಿಂದ 15.6 ಪಿಎಸ್‌ಐ (ಒತ್ತಡದ ಅಳತೆ). ಗಟ್ಟಿ ನೆಲದಲ್ಲಿ ಕೆಳಗಿನ ಮಿತಿಯ ಹತ್ತಿರವೇ ಇರಲಿ, ಇಲ್ಲದಿದ್ದರೆ ಚೆಂಡು ಪುಟಿದು ತಲೆ ಮೇಲೆ ಹೋಗುತ್ತದೆ. ಬೆಳಿಗ್ಗೆ 25 ಡಿಗ್ರಿಯಲ್ಲಿ 8.5ಕ್ಕೆ ತುಂಬಿದ ಚೆಂಡನ್ನು ಮೇ ತಿಂಗಳ ಬಿಸಿಲಲ್ಲಿ ಬಿಟ್ಟು ಅದು 60 ಡಿಗ್ರಿಗೆ ಕಾದರೆ ಒತ್ತಡ 11ರ ಸುತ್ತ ತಲುಪುತ್ತದೆ, ಹೊಲಿಗೆ ಎಳೆಯುತ್ತದೆ. ಆದ್ದರಿಂದ ನೆರಳಿನಲ್ಲಿಡಿ, ಆಟಕ್ಕೆ ಮುಂಚೆ ಮತ್ತೊಮ್ಮೆ ಅಳೆಯಿರಿ. ಪಂಪಿನ ಪಿನ್ನನ್ನು ಒಣಗಿದ್ದಂತೆಯೇ ಚುಚ್ಚಬೇಡಿ, ವಾಲ್ವಿನ ರಬ್ಬರ್ ಹರಿಯುತ್ತದೆ. ಒಂದು ಹನಿ ಗ್ಲಿಸರಿನ್ ಹಚ್ಚಿ ನೆಟ್ಟಗೆ ಒಳಗೆ ಬಿಡಿ.